ನಿಮಿಷಕ್ಕೊಮ್ಮೆ ಏರಿಳಿದ ಆಲ್ಫಾ: ಫಿಟ್ಸ್ ಅನುಮಾನದಿಂದ ಹೃದಯದವರೆಗೆ ಹೋದ ಒಂದು ಇಇಜಿ ಪ್ರಕರಣ

ಇಇಜಿ ಅಂದರೆ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ. ಅದರ ಜೊತೆ ಕೆಲಸ ಮಾಡುವವರೆಲ್ಲ ಮಿದುಳಿನ ಅಲೆಯ ವೇಗ ನೋಡುತ್ತೇವೆ. ಆಕಾರ ನೋಡುತ್ತೇವೆ. ತಲೆಯ ಯಾವ ಭಾಗದಲ್ಲಿದೆ ಅಂತ ನೋಡುತ್ತೇವೆ. ಆದರೆ ಅಲೆಯ ಬಲ ಹೊತ್ತು ಕಳೆದ ಹಾಗೆ ಹೇಗೆ ಏರಿ ಇಳಿಯುತ್ತದೆ, ಆ ಏರಿಳಿತಕ್ಕೂ ಒಂದು ಲಯ ಇದೆಯಾ ಅನ್ನೋದನ್ನು ನೋಡುವುದು ಕಡಿಮೆ. ಈ ಪ್ರಕರಣದಲ್ಲಿ ಉತ್ತರ ಇದ್ದದ್ದು ಅಲ್ಲೇ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ರೋಗಿಯ ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ನಾನು ಇಇಜಿ ಕೊಠಡಿಯಲ್ಲಿ ರೆಕಾರ್ಡಿಂಗ್ ಮಾಡಿ, ವೈದ್ಯರು ಓದುವುದಕ್ಕೆ ಸಿದ್ಧಪಡಿಸಿ ಕೊಡುವ ಕೆಲಸದವನು. ಕೊನೆಯ ತೀರ್ಮಾನಗಳೆಲ್ಲ ವೈದ್ಯರವು.

ಹಿನ್ನೆಲೆ

ಅರವತ್ತು ದಾಟಿದ ಗಂಡಸು, ಲೆಕ್ಕಪತ್ರ ಬರೆಯುವ ಕೆಲಸ. ಬಿಪಿ ಇತ್ತು, ಮಾತ್ರೆ ತಗೊಳ್ಳುತ್ತಿದ್ದರು. ಸುಮಾರು ಒಂದು ವರ್ಷದಿಂದ ದಣಿವು ಜಾಸ್ತಿಯಾಗಿತ್ತು. ಹಗಲಲ್ಲೂ ತೂಕಡಿಕೆ. ಅಂಕಿ ಕೂಡಿಸುವಾಗ ನಡುವೆ ಎಲ್ಲಿದ್ದೆ ಅನ್ನೋದೇ ಮರೆತುಹೋಗುತ್ತಿತ್ತು. ಒಂದು ದಿನ ಮೀಟಿಂಗ್ ಮಧ್ಯೆ ಕಣ್ಣು ಅರ್ಧ ಮುಚ್ಚಿ, ಪೆನ್ನು ಹಿಡಿದ ಕೈ ಹಾಗೇ ನಿಂತು, ಕೆಲವು ಸೆಕೆಂಡ್ ಯಾವುದಕ್ಕೂ ಉತ್ತರ ಕೊಡದೆ ಕೂತಿದ್ದರು. ಪಕ್ಕದವರು ಹೆಗಲು ಮುಟ್ಟಿದ ಕೂಡಲೇ ತಲೆ ಎತ್ತಿ, ಮಾತು ನಿಂತಲ್ಲಿಂದಲೇ ಮುಂದುವರಿಸಿದರು. ಇದು ಮತ್ತೆ ಮತ್ತೆ ಆಯಿತು.

ಮಿದುಳಿನ ವೈದ್ಯರ ಹತ್ತಿರ ಹೋದರು. ಎಂಆರ್‌ಐಯಲ್ಲಿ ವಯಸ್ಸಿಗೆ ಮೀರಿದ್ದು ಏನೂ ಇರಲಿಲ್ಲ. ಅರ್ಧ ಗಂಟೆಯ ಮಾಮೂಲಿ ಇಇಜಿ ಆಯಿತು. ರಿಪೋರ್ಟಿನಲ್ಲಿ ಹೀಗಿತ್ತು: ಫಿಟ್ಸ್ ಸುಳಿವು ಕೊಡುವ ಚೂಪು ಅಲೆಗಳಿಲ್ಲ, ಆಗಾಗ ತಲೆಯ ಎಲ್ಲ ಕಡೆ ನಿಧಾನ ಅಲೆಗಳ ಗುಂಪು ಬಂದು ಹೋಗುತ್ತದೆ, ಫಿಟ್ಸ್ ಸಾಧ್ಯತೆಯನ್ನು ಲಕ್ಷಣಗಳ ಜೊತೆ ಇಟ್ಟು ನೋಡಿ. ಇಂಥ ಸಾಲು ನಮ್ಮ ರಿಪೋರ್ಟುಗಳಲ್ಲಿ ಎಷ್ಟೋ ಸಲ ಬರುತ್ತದೆ. ಅದು ಸುಳ್ಳಲ್ಲ. ಆದರೆ ಓದಿದವರಿಗೆ ದಾರಿಯನ್ನೂ ತೋರಿಸುವುದಿಲ್ಲ.

ಫಿಟ್ಸ್ ತಡೆಯುವ ಲೆವೆಟಿರಾಸೆಟಮ್ ಮಾತ್ರೆ ಶುರುವಾಯಿತು. ಕೆಲವು ವಾರ ಕಳೆದರೂ ಸುಮ್ಮನಾಗುವುದು ನಿಲ್ಲಲಿಲ್ಲ. ಡೋಸ್ ಜಾಸ್ತಿ ಮಾಡಿದರು. ತೂಕಡಿಕೆ ಇನ್ನೂ ಹೆಚ್ಚಾಯಿತು, ಜೊತೆಗೆ ಸಿಡುಕು ಬಂತು. ಎರಡೂ ಆ ಮಾತ್ರೆಯ ಗೊತ್ತಿರುವ ಅಡ್ಡ ಪರಿಣಾಮಗಳೇ. ಹಾಗಾಗಿ ಈಗ ಇರುವ ತೊಂದರೆಯಲ್ಲಿ ರೋಗದ್ದು ಎಷ್ಟು, ಮಾತ್ರೆಯದ್ದು ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟವಾಯಿತು. ಇನ್ನೊಂದು ಔಷಧ ಸೇರಿಸುವ ಮುಂಚೆ ಇಇಜಿ ಮತ್ತೊಮ್ಮೆ ಮಾಡೋಣ ಅಂತ ನಮ್ಮಲ್ಲಿಗೆ ಕಳಿಸಿದರು.

ಹಳೇ ರೆಕಾರ್ಡಿಂಗಿನ ಅಂಚಿನಲ್ಲಿ ಇದ್ದದ್ದು

ಹೊಸದನ್ನು ಮಾಡುವ ಮೊದಲು ಹಳೆಯದನ್ನು ತೆರೆದು ನೋಡೋದು ಒಳ್ಳೆ ಅಭ್ಯಾಸ. ಮೊದಲ ರೆಕಾರ್ಡಿಂಗ್ ಮಾಡಿದ ಟೆಕ್ನಿಷಿಯನ್ ಬಹಳ ಶ್ರದ್ಧೆಯಿಂದ ಕೆಲಸ ಮಾಡಿದ್ದರು. ರೋಗಿಯನ್ನು ಬರೀ ಕಣ್ಣಲ್ಲಿ ನೋಡಿ, ಕಂಡದ್ದನ್ನೆಲ್ಲ ಕಾಮೆಂಟ್ ಆಗಿ ಟೈಪ್ ಮಾಡಿದ್ದರು. "ತೂಕಡಿಕೆ." "ಎಚ್ಚರ." "ತೂಕಡಿಕೆ." "ಎಚ್ಚರ, ಆಳವಾದ ಉಸಿರು." "ತೂಕಡಿಕೆ." ಹೀಗೇ ಸಾಲಾಗಿ.

ಕಾಮೆಂಟ್‌ಗಳನ್ನು ಮಾತ್ರ ಬೇರೆ ಪಟ್ಟಿ ಮಾಡಿಕೊಂಡು ಸಮಯ ನೋಡಿದೆ. ಒಂದು "ಎಚ್ಚರ"ದಿಂದ ಮುಂದಿನ "ಎಚ್ಚರ"ಕ್ಕೆ ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಅದರ ಮುಂದಿನದ್ದಕ್ಕೂ ಅಷ್ಟೇ. ಅದರ ಮುಂದಿನದ್ದಕ್ಕೂ ಅಷ್ಟೇ. ತೂಕಡಿಸುವವರು ಎಚ್ಚರವಾಗುವುದು ಸಹಜ. ಗಡಿಯಾರ ಇಟ್ಟುಕೊಂಡವರ ಹಾಗೆ ಎಚ್ಚರವಾಗುವುದು ಸಹಜ ಅಲ್ಲ.

ಹಾಗಾದರೆ ಓದುವಾಗ ಇದು ಕಣ್ಣಿಗೆ ಬೀಳಲಿಲ್ಲ ಯಾಕೆ? ಕಾರಣ ನಮ್ಮ ಪರದೆಯಲ್ಲೇ ಇದೆ. ಇಇಜಿಯನ್ನು ಸಾಮಾನ್ಯವಾಗಿ 10 ಸೆಕೆಂಡಿಗೆ ಒಂದು ಪುಟದಂತೆ ಓದುತ್ತೇವೆ. ಚೂಪು ಅಲೆ ಹಿಡಿಯೋದಕ್ಕೆ ಅದೇ ಸರಿಯಾದ ಅಳತೆ. ಆದರೆ ಒಂದು ನಿಮಿಷದ ಲಯ ಆರೇಳು ಪುಟಗಳಲ್ಲಿ ಹರಡಿ ಹೋಗುತ್ತದೆ. ಒಂದು ಪುಟದಲ್ಲಿ ಚೆಂದದ ಆಲ್ಫಾ (ಎಚ್ಚರವಾಗಿ ಕಣ್ಣು ಮುಚ್ಚಿದಾಗಿನ ಅಲೆ), ಇನ್ನೊಂದರಲ್ಲಿ ನಿಧಾನ ಅಲೆ. ಪ್ರತಿ ಪುಟಕ್ಕೂ ಒಂದೊಂದು ವಿವರಣೆ ಸಿಗುತ್ತದೆ. ಹಗ್ಗದ ಎಳೆ ಎಣಿಸುತ್ತ ಕೂತವನಿಗೆ ಹಗ್ಗ ತೂಗಾಡುತ್ತಿರುವುದು ಕಾಣುವುದಿಲ್ಲ, ಅಲ್ವಾ?

ಬಲದ ಏರಿಳಿತ ಅಂದರೆ ಏನು

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

ಹಾನ್ಸ್ ಬರ್ಗರ್ ಜರ್ಮನಿಯ ಯೇನಾದಲ್ಲಿ 1924ರಲ್ಲಿ ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ಆರಾಮಾಗಿ ಕೂತಾಗ ಸೆಕೆಂಡಿಗೆ ಸುಮಾರು 10 ಸಲ ಏಳುವ ಅಲೆಗೆ ಆಲ್ಫಾ ಅಂತ ಹೆಸರಿಟ್ಟವರು ಅವರೇ. ಕಣ್ಣು ತೆರೆದರೆ ಅದು ಕುಗ್ಗುತ್ತದೆ ಅನ್ನೋದನ್ನು ಕಂಡವರೂ ಅವರೇ. ಈಗ 8ರಿಂದ 13 ಹರ್ಟ್ಸ್‌ವರೆಗಿನದ್ದನ್ನು, ಅಂದರೆ ಸೆಕೆಂಡಿಗೆ 8ರಿಂದ 13 ಸಲ ಏಳುವುದನ್ನು, ಆಲ್ಫಾ ಅನ್ನುತ್ತೇವೆ. 4ರಿಂದ 8 ಥೀಟಾ. 4ಕ್ಕಿಂತ ಕಡಿಮೆಯದ್ದು ಡೆಲ್ಟಾ.

ಆಲ್ಫಾ ಯಾವತ್ತೂ ಒಂದೇ ಬಲದಲ್ಲಿ ಇರುವುದಿಲ್ಲ. ಒಂದೆರಡು ಸೆಕೆಂಡಿನಲ್ಲೇ ಉಬ್ಬುತ್ತದೆ, ಕುಗ್ಗುತ್ತದೆ. ಆರೋಗ್ಯವಂತರಲ್ಲಿ ಈ ಉಬ್ಬು ತಗ್ಗಿಗೆ ಕಟ್ಟುನಿಟ್ಟಿನ ಅಳತೆ ಇರುವುದಿಲ್ಲ. ಅದಕ್ಕಿಂತ ನಿಧಾನದ ಏರಿಳಿತಗಳೂ ಇವೆ. ರಾತ್ರಿ ನಿದ್ದೆಯಲ್ಲಿ ಡೆಲ್ಟಾದ ಬಲ ಸುಮಾರು ಒಂದೂವರೆ ಗಂಟೆಗೊಮ್ಮೆ ಏರಿ ಇಳಿಯುತ್ತದೆ. ಹಗುರ ನಿದ್ದೆಯಲ್ಲಿ 20ರಿಂದ 40 ಸೆಕೆಂಡಿಗೊಮ್ಮೆ ಮಿದುಳು ಸ್ವಲ್ಪ ಕದಲಿ ಮತ್ತೆ ಶಾಂತವಾಗುವ ಆವರ್ತನೆ ಇದೆ. ಇಟಲಿಯ ಟೆರ್ಜಾನೊ ಮತ್ತು ಅವರ ಸಂಗಡಿಗರು 1985ರಲ್ಲಿ ಅದನ್ನು ವಿವರಿಸಿದರು. ನವಜಾತ ಶಿಶುಗಳ ನಿದ್ದೆಯಲ್ಲಿ ಕೆಲವು ಸೆಕೆಂಡ್ ಜೋರು, ಕೆಲವು ಸೆಕೆಂಡ್ ಸಪ್ಪೆ ಅನ್ನುವ ಹಾಗೆ ಇಇಜಿ ನಡೆಯುತ್ತದೆ. ಅದು ಪೂರ್ತಿ ಸಹಜ, ದೊಡ್ಡವರಾದ ಹಾಗೆ ಹೋಗುತ್ತದೆ. ತೀವ್ರ ನಿಗಾ ಘಟಕದಲ್ಲಿ ಮಂಕಾಗಿ ಮಲಗಿರುವವರಲ್ಲಿ ಎರಡು ಬಗೆಯ ಚಿತ್ರ ಪಾಳಿಯ ಮೇಲೆ ಬಂದರೆ ಅದಕ್ಕೆ ಬೇರೆ ಹೆಸರೇ ಇದೆ. ಅಮೆರಿಕದ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಸೊಸೈಟಿಯ 2021ರ ಪರಿಭಾಷೆ ಅದನ್ನು ಗುರುತಿಸಲು ಒಂದೊಂದು ಚಿತ್ರ ಕನಿಷ್ಠ 10 ಸೆಕೆಂಡ್ ಇರಬೇಕು, ಕನಿಷ್ಠ 6 ಸುತ್ತು ಲಯವಾಗಿ ಬರಬೇಕು ಅನ್ನುತ್ತದೆ. ಒಂದೆರಡು ಸುತ್ತು ನೋಡಿ ಲಯ ಅಂದುಬಿಡಬಾರದು ಅನ್ನುವ ಎಚ್ಚರಿಕೆ ಅದರಲ್ಲಿದೆ.

ಇನ್ನೊಂದು ವಿಷಯದಲ್ಲಿ ಹೊಸಬರು ಎಡವುತ್ತಾರೆ. ನಿಮಿಷಕ್ಕೊಮ್ಮೆ ಬರುವ ಲಯ ಅಂದ ಕೂಡಲೇ, "ನಮ್ಮ ಫಿಲ್ಟರ್ 0.5 ಹರ್ಟ್ಸ್ ಕೆಳಗಿನದ್ದನ್ನೆಲ್ಲ ಕತ್ತರಿಸುತ್ತದಲ್ಲ, ಅದು ಹೇಗೆ ಉಳಿಯುತ್ತದೆ?" ಅಂತ ಕೇಳುತ್ತಾರೆ. ಇದು ನಿಮಿಷಕ್ಕೊಮ್ಮೆ ಏಳುವ ಅಲೆ ಅಲ್ಲ. 10 ಹರ್ಟ್ಸ್ ಅಲೆಯೇ ನಿಮಿಷಕ್ಕೊಮ್ಮೆ ದಪ್ಪ ಆಗಿ ತೆಳ್ಳಗಾಗುತ್ತಿದೆ. ಫಿಲ್ಟರ್ 10 ಹರ್ಟ್ಸನ್ನು ಮುಟ್ಟುವುದಿಲ್ಲ. ಹಾಗಾಗಿ ಅದರ ಬಲದ ಕಥೆಯೂ ಹಾಗೇ ಉಳಿಯುತ್ತದೆ. ಆದರೆ ಕಚ್ಚಾ ಇಇಜಿಯ ಸ್ಪೆಕ್ಟ್ರಮ್ (ಯಾವ ವೇಗದ ಅಲೆ ಎಷ್ಟಿದೆ ಅನ್ನುವ ಚಿತ್ರ) ತೆಗೆದರೆ ತೀರಾ ಕೆಳಗಿನ ಜಾಗದಲ್ಲಿ ಏನೂ ಕಾಣುವುದಿಲ್ಲ. ಮೊದಲು ಆಲ್ಫಾವನ್ನು ಬೇರ್ಪಡಿಸಿ, ಅದರ ಬಲದ ಗೆರೆ ಎಳೆದು, ಆ ಗೆರೆಯ ಸ್ಪೆಕ್ಟ್ರಮ್ ತೆಗೆಯಬೇಕು.

ಮಾಡಿ ನೋಡಿದ್ದು

ಅದನ್ನೇ ಮಾಡಿದೆವು. ಹಿಂದಲೆಯ ಎಲೆಕ್ಟ್ರೋಡ್‌ಗಳಿಂದ 8ರಿಂದ 13 ಹರ್ಟ್ಸ್ ಭಾಗ ಬೇರ್ಪಡಿಸಿ, ಎರಡು ಸೆಕೆಂಡಿಗೊಂದು ಸರಾಸರಿ ಬಲ ಲೆಕ್ಕ ಹಾಕಿ, ಅರ್ಧ ಗಂಟೆಯನ್ನು ಒಂದೇ ಗೆರೆಯಾಗಿ ಪರದೆಯ ಮೇಲೆ ಹರಡಿದೆವು. ಎಚ್ಚರವಾಗಿ ಮಾತಾಡುತ್ತಿದ್ದ ಮೊದಲ ಭಾಗದಲ್ಲಿ ಗೆರೆ ಒರಟೊರಟಾಗಿತ್ತು. ತೂಕಡಿಕೆ ಶುರುವಾದ ಮೇಲೆ ಅದು ಬೆಟ್ಟ, ಕಣಿವೆ, ಬೆಟ್ಟ, ಕಣಿವೆ ಆಯಿತು. ಬೆಟ್ಟದ ತುದಿಯಲ್ಲಿ ಆಲ್ಫಾ 40 ಮೈಕ್ರೋವೋಲ್ಟ್ ಹತ್ತಿರ. ಕಣಿವೆಯಲ್ಲಿ 10ಕ್ಕಿಂತ ಕೆಳಗೆ. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಸುಮಾರು 65 ಸೆಕೆಂಡ್. ಡೆಲ್ಟಾ ಮತ್ತು ಥೀಟಾ ಬಲದ ಗೆರೆ ಪಕ್ಕದಲ್ಲಿಟ್ಟರೆ ಅದು ತಿರುವುಮುರುವು. ಆಲ್ಫಾ ಇಳಿದಾಗ ಅವು ಏರುತ್ತಿದ್ದವು. ರಿಪೋರ್ಟಿನಲ್ಲಿ ಬಂದ "ಆಗಾಗ ನಿಧಾನ ಅಲೆಗಳ ಗುಂಪು" ಅನ್ನೋದು ಇದೇ.

ಇಷ್ಟು ಚೆಂದದ ಚಿತ್ರ ಸಿಕ್ಕಾಗಲೇ ಜಾಸ್ತಿ ಅನುಮಾನ ಪಡಬೇಕು. ಗೊತ್ತುಗುರಿಯಿಲ್ಲದ ಏರಿಳಿತವನ್ನು ಸರಾಸರಿ ಮಾಡಿ ನುಣ್ಣಗೆ ಮಾಡಿದರೆ ಅದರಲ್ಲೂ ಲಯ ಇದ್ದ ಹಾಗೆ ಕಾಣುತ್ತದೆ. ಅದಕ್ಕೆ ಸರಾಸರಿಯ ಅವಧಿ ಬದಲಿಸಿ ನೋಡಿದೆವು. ಲಯ ಜಾಗ ಬದಲಿಸಲಿಲ್ಲ. ಎಡ, ಬಲ, ಮುಂದೆ, ಹಿಂದೆ ಎಲ್ಲ ಕಡೆ ಒಂದೇ ಕಾಲಕ್ಕೆ ನಡೆಯುತ್ತಿತ್ತು. ಅಂದರೆ ಯಾವುದೋ ಒಂದು ಎಲೆಕ್ಟ್ರೋಡ್ ಸಡಿಲವಾಗಿ ಆದದ್ದಲ್ಲ. ಎಡೆಬಿಡದೆ ಹತ್ತಕ್ಕೂ ಮೇಲೆ ಸುತ್ತು ಸಿಕ್ಕವು.

ಹೊಸ ರೆಕಾರ್ಡಿಂಗ್ ದಿನ ಎದೆಗೂ ಹೊಟ್ಟೆಗೂ ಉಸಿರಿನ ಬೆಲ್ಟ್ ಕಟ್ಟಿದೆವು. ಮೂಗಿನ ಹತ್ತಿರ ಗಾಳಿ ಅಳೆಯುವ ನಳಿಗೆ, ಬೆರಳಿಗೆ ಆಕ್ಸಿಮೀಟರ್. ಮಾಮೂಲಿ ಇಇಜಿಗೆ ಇವನ್ನೆಲ್ಲ ಹಾಕುವ ರೂಢಿ ಇರಲಿಲ್ಲ. ಹಾಕಲು ಕಾರಣ ಹಳೇ ಕಾಮೆಂಟಿನ ಆ ಎರಡು ಪದ: ಆಳವಾದ ಉಸಿರು.

ಎಲೆಕ್ಟ್ರೋಡ್ ಅಂಟಿಸುತ್ತ ಅವರ ಹೆಂಡತಿಯನ್ನು ಕೇಳಿದೆ, "ಅಮ್ಮ, ರಾತ್ರಿ ನಿದ್ದೆ ಹೇಗೆ ಇವರಿಗೆ? ಗೊರಕೆ ಹೊಡೀತಾರಾ?"

"ಗೊರಕೆ ಅಷ್ಟಿಲ್ಲ ಸಾರ್. ಒಂದೊಂದ್ಸಲ ಉಸಿರೇ ಕೇಳ್ಸೋದಿಲ್ಲ. ಎದೆ ಮೇಲೆ ಕೈ ಇಟ್ಟು ನೋಡ್ತೀನಿ. ಅಷ್ಟರಲ್ಲಿ ಮೆಲ್ಲಗೆ ಶುರುವಾಗಿ ಜೋರಾಗತ್ತೆ, ಮತ್ತೆ ಕಡಿಮೆ ಆಗ್ತಾ ನಿಂತುಹೋಗತ್ತೆ. ನಂಗೂ ನಿದ್ದೆ ಇಲ್ಲ."

"ಇದನ್ನ ಡಾಕ್ಟರಿಗೆ ಹೇಳಿದ್ರಾ?"

"ಯಾರೂ ಕೇಳ್ಲಿಲ್ಲ. ತಲೆ ಪರೀಕ್ಷೆಗೆ ಬಂದಿದೀವಲ್ಲ, ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ಸುಮ್ನಿದ್ದೆ."

ರೋಗದ ಅರ್ಧ ವಿವರಣೆ ಅವರ ಆ ನಾಲ್ಕು ಮಾತಲ್ಲಿ ಇತ್ತು. ಯಂತ್ರ ಮಿಕ್ಕಿದ್ದನ್ನು ಅಳೆದು ತೋರಿಸಿತು ಅಷ್ಟೇ.

ಕಣ್ಣು ಮುಚ್ಚಿಸಿ ಮಲಗಿಸಿದ ಸ್ವಲ್ಪ ಹೊತ್ತಿಗೆ ಶುರುವಾಯಿತು. ಉಸಿರಿನ ಗೆರೆ ಸಣ್ಣಗೆ ಎದ್ದು, ಒಂದೊಂದು ಉಸಿರಿಗೂ ದೊಡ್ಡದಾಗುತ್ತ ಹೋಗಿ, ಹಾಗೇ ಸಣ್ಣದಾಗುತ್ತ ಬಂದು, ಮಟ್ಟಸವಾಗಿ ನಿಂತಿತು. ಎದೆ ಬೆಲ್ಟೂ ಮಟ್ಟಸ, ಹೊಟ್ಟೆ ಬೆಲ್ಟೂ ಮಟ್ಟಸ. ಇದು ಮುಖ್ಯ. ಗಂಟಲು ಮುಚ್ಚಿಕೊಂಡು ಉಸಿರು ನಿಂತಿದ್ದರೆ ಎದೆ ಒದ್ದಾಡುತ್ತಿತ್ತು. ಇಲ್ಲಿ ಉಸಿರಾಡು ಅನ್ನುವ ಅಪ್ಪಣೆಯೇ ಮಿದುಳಿನಿಂದ ಬರುತ್ತಿರಲಿಲ್ಲ. ಉಸಿರು ನಿಂತ ಅವಧಿಯಲ್ಲಿ ಆಲ್ಫಾ ಕರಗಿ ಥೀಟಾ, ಡೆಲ್ಟಾ ತುಂಬಿಕೊಂಡವು. ಉಸಿರು ಮತ್ತೆ ಹತ್ತಿ, ಇನ್ನೇನು ತುದಿ ಮುಟ್ಟುತ್ತದೆ ಅನ್ನುವಾಗ ಆಲ್ಫಾ ಧಡಕ್ಕನೆ ವಾಪಸ್ ಬಂತು. ಮತ್ತೆ ಅದೇ ಸುತ್ತು.

ಬೆರಳಿನ ಆಮ್ಲಜನಕದ ಗೆರೆ ಇನ್ನೊಂದು ಸುಳಿವು ಕೊಟ್ಟಿತು. ಉಸಿರು ನಿಂತಾಗ ಆಮ್ಲಜನಕ ಬೀಳಬೇಕು, ಅಲ್ವಾ? ಇಲ್ಲಿ ಅದು ತೀರಾ ತಡವಾಗಿ, ಉಸಿರು ಮತ್ತೆ ಜೋರಾಗಿ ನಡೆಯುತ್ತಿದ್ದಾಗ ಬೀಳುತ್ತಿತ್ತು. ಬೆರಳಿನ ವರದಿ ಸ್ವಲ್ಪ ತಡವಾಗುವುದು ಎಲ್ಲರಲ್ಲೂ ಇರುತ್ತದೆ. ಇಷ್ಟೊಂದು ತಡ ಅಂದರೆ ಶ್ವಾಸಕೋಶದಿಂದ ಹೊರಟ ರಕ್ತ ಬೆರಳಿಗೆ ನಿಧಾನವಾಗಿ ಬರುತ್ತಿದೆ ಅಂತ ಅರ್ಥ. ಓದುತ್ತಿದ್ದ ವೈದ್ಯರು ಅದನ್ನು ನೋಡಿದವರೇ ಎದ್ದು ಹೋಗಿ ರೋಗಿಯ ಕಾಲ್ಚೀಲ ಇಳಿಸಿ, ಹೆಬ್ಬೆರಳಿನಿಂದ ಕಣಕಾಲಿನ ಹತ್ತಿರ ಒತ್ತಿದರು. ಒತ್ತಿದ ಗುಳಿ ಹಾಗೇ ಉಳಿಯಿತು. ಕಾಲಲ್ಲಿ ನೀರು ತುಂಬಿತ್ತು, ಹೃದಯ ಸೋತಿರಬಹುದು ಅನ್ನುವ ಸುಳಿವು.

ಯಾಕೆ ಹೀಗಾಗುತ್ತದೆ

ಈ ಬಗೆಯ ಉಸಿರಾಟಕ್ಕೆ ಚೇನ್-ಸ್ಟೋಕ್ಸ್ ಉಸಿರಾಟ ಅನ್ನುತ್ತಾರೆ. ಜಾನ್ ಚೇನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ ಬರೆದದ್ದು. ಇಬ್ಬರೂ ಡಬ್ಲಿನ್‌ನಲ್ಲಿ ಕೆಲಸ ಮಾಡಿದವರು. ಇಇಜಿ ಹುಟ್ಟುವ ಎಷ್ಟೋ ಮೊದಲು, ಬರೀ ಹಾಸಿಗೆಯ ಪಕ್ಕ ನಿಂತು ನೋಡಿ ಬರೆದದ್ದು.

ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅನ್ನೋದನ್ನು ನೋಡಿಕೊಂಡು ಮಿದುಳಿನ ಬುಡ ಉಸಿರನ್ನು ಹೆಚ್ಚು ಕಡಿಮೆ ಮಾಡುತ್ತದೆ. ಹೃದಯ ಸೋತಿದ್ದರೆ ರಕ್ತ ಶ್ವಾಸಕೋಶದಿಂದ ಅಲ್ಲಿಗೆ ಮುಟ್ಟುವುದು ತಡ. ಬರುವ ಸುದ್ದಿ ಹಳೇ ಸುದ್ದಿ. ಡೈಆಕ್ಸೈಡ್ ಆಗಲೇ ಸಾಕಷ್ಟು ಹೊರಗೆ ಹೋಗಿದ್ದರೂ ಇನ್ನೂ ಜಾಸ್ತಿ ಇದೆ ಅಂತ ತಿಳಿದು ಉಸಿರು ಜೋರಾಗುತ್ತಲೇ ಇರುತ್ತದೆ. ಸುದ್ದಿ ತಲುಪುವ ಹೊತ್ತಿಗೆ ಅದು ತೀರಾ ಕೆಳಗಿಳಿದಿರುತ್ತದೆ, ಉಸಿರು ನಿಲ್ಲುತ್ತದೆ. ಮತ್ತೆ ಏರಿದ ಸುದ್ದಿಯೂ ತಡವಾಗಿಯೇ ಬರುತ್ತದೆ. ರಕ್ತ ನಿಧಾನವಾದಷ್ಟೂ ಸುತ್ತು ಉದ್ದ. ಎಚ್ಚರವಿದ್ದಾಗ ಉಸಿರಿಗೆ ಬೇರೆ ಆಸರೆಯೂ ಇರುತ್ತದೆ. ತೂಕಡಿಕೆ ಬಂದಾಗ ಅದು ತಪ್ಪುತ್ತದೆ. ಅದಕ್ಕೇ ಮಾತಾಡುವಾಗ ಇಲ್ಲದ ಲಯ ಕಣ್ಣು ಮುಚ್ಚಿದ ಮೇಲೆ ಬಂತು.

ಉಸಿರು ಮಿದುಳನ್ನು ಎಳೆಯಿತಾ, ಮಿದುಳು ಉಸಿರನ್ನು ಎಳೆಯಿತಾ? ಗೆರೆಗಳನ್ನು ಪಕ್ಕಪಕ್ಕ ಇಟ್ಟರೆ ಮೊದಲು ಏಳುವುದು ಉಸಿರು, ಆಮೇಲೆ ಆಲ್ಫಾ. ಆದರೆ ಎಚ್ಚರವಾದ ಕ್ಷಣವೇ ಉಸಿರನ್ನು ಇನ್ನಷ್ಟು ಜೋರು ಮಾಡಿ ಮುಂದಿನ ನಿಲುಗಡೆಗೆ ದಾರಿ ಮಾಡುತ್ತದೆ. ಹಾಗಾಗಿ ಎರಡೂ ಒಂದನ್ನೊಂದು ನಡೆಸುತ್ತವೆ ಅನ್ನೋದೇ ಸರಿಯಾದ ಮಾತು. ಮೀಟಿಂಗಿನಲ್ಲಿ ಪೆನ್ನು ಹಿಡಿದ ಕೈ ನಿಂತದ್ದು ಈ ಸುತ್ತಿನ ಕಣಿವೆಯಲ್ಲಿ.

ತೀರ್ಮಾನದ ಹೊತ್ತು

ಇಲ್ಲಿ ವೈದ್ಯರಲ್ಲಿ ಎರಡು ಅಭಿಪ್ರಾಯ ಇದ್ದವು. ಎರಡಕ್ಕೂ ಆಧಾರ ಇತ್ತು.

ಒಂದು ಕಡೆ: ಇದು ಫಿಟ್ಸ್ ಅಲ್ಲ, ಮಾತ್ರೆ ನಿಲ್ಲಿಸೋಣ. ಫಿಟ್ಸ್ ಆದರೆ ಇಇಜಿಯಲ್ಲಿ ಅಲೆಯ ವೇಗ, ಆಕಾರ, ಜಾಗ ಬದಲಾಗುತ್ತ ಬೆಳೆಯುತ್ತದೆ. ಇಲ್ಲಿ ಅಂಥ ಬೆಳವಣಿಗೆ ಇಲ್ಲ, ಅದೇ ಸುತ್ತು ಅಷ್ಟೇ. ಹೆಸರು ಹಿಡಿದು ಕರೆದರೆ ಕಣಿವೆಯ ಮಧ್ಯದಲ್ಲೂ ಆಲ್ಫಾ ಕೂಡಲೇ ಬರುತ್ತಿತ್ತು. ಕೂರಿಸಿ 100ರಿಂದ ಏಳೇಳು ಕಳೆಯುತ್ತ ಹೋಗಿ ಅಂದಾಗ ಲಯ ಪೂರ್ತಿ ಮಾಯವಾಯಿತು.

ಇನ್ನೊಂದು ಕಡೆ: ಆತುರ ಬೇಡ. ಫಿಟ್ಸ್ ಬಂದಾಗಲೂ ಕೆಲವರಲ್ಲಿ ಉಸಿರು ನಿಲ್ಲುತ್ತದೆ. ಒಂದೇ ಅಂತರದಲ್ಲಿ ಸುತ್ತುಸುತ್ತಾಗಿ ಬರುವ ಫಿಟ್ಸೂ ಇದೆ. ಹಗಲಿನ ಒಂದು ರೆಕಾರ್ಡಿಂಗ್ ನೋಡಿ ಮಾತ್ರೆ ನಿಲ್ಲಿಸಿ, ಆಮೇಲೆ ಗಾಡಿ ಓಡಿಸುವಾಗ ಏನಾದರೂ ಆದರೆ?

ಎರಡನೆಯ ಮಾತನ್ನು ಕೇಳಿ ಇಡೀ ರಾತ್ರಿ ವಿಡಿಯೊ ಇಇಜಿ ಮಾಡಿದ್ದು ಒಳ್ಳೆಯದಾಯಿತು. ರಾತ್ರಿಯೆಲ್ಲ ಫಿಟ್ಸ್ ಒಂದೂ ಇರಲಿಲ್ಲ. ಹಗುರ ನಿದ್ದೆಯ ಬಹುಪಾಲು ಚೇನ್-ಸ್ಟೋಕ್ಸ್ ಸುತ್ತುಗಳಿಂದಲೇ ತುಂಬಿತ್ತು. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿಯ ಅಳತೆ ಪ್ರಕಾರ ಸುತ್ತು ಕನಿಷ್ಠ 40 ಸೆಕೆಂಡ್ ಇರಬೇಕು. ಇದು ಅದನ್ನು ಆರಾಮಾಗಿ ದಾಟಿತ್ತು. ಬೆನ್ನ ಮೇಲೆ ಮಲಗಿದಾಗ ಗಂಟಲು ಮುಚ್ಚಿಕೊಂಡು ಆಗುವ ಉಸಿರುಗಟ್ಟುವಿಕೆಯೂ ನಡುನಡುವೆ ಸ್ವಲ್ಪ ಸಿಕ್ಕಿತು. ಇದು ಹಗಲಿನಲ್ಲಿ ಕಂಡಿರಲಿಲ್ಲ.

ಎಕೋ (ಹೃದಯದ ಸ್ಕ್ಯಾನ್) ಮಾಡಿದಾಗ ಎಡ ಹೃತ್ಕುಕ್ಷಿ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆ, ತನ್ನಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರದೂಡುವುದು ಶೇಕಡಾ 30ರ ಆಸುಪಾಸು ಇತ್ತು. ಆರೋಗ್ಯವಂತರಲ್ಲಿ ಅದು ಶೇಕಡಾ 55ರಿಂದ 70. ಎದೆನೋವು ಅವರಿಗೆ ಯಾವತ್ತೂ ಬಂದಿರಲಿಲ್ಲ. ಮೆಟ್ಟಿಲು ಹತ್ತುವಾಗಿನ ಸುಸ್ತನ್ನು ವಯಸ್ಸಿಗೆ ಹಾಕಿಕೊಂಡಿದ್ದರು. ರಾತ್ರಿ ಎರಡು ದಿಂಬು ಬೇಕಾಗುತ್ತಿದ್ದದ್ದನ್ನು ಅಭ್ಯಾಸ ಅಂದುಕೊಂಡಿದ್ದರು.

ಲೆವೆಟಿರಾಸೆಟಮ್ ಅನ್ನು ಹಂತ ಹಂತವಾಗಿ ಇಳಿಸಿ ನಿಲ್ಲಿಸಿದರು. ಹೃದಯದ ಚಿಕಿತ್ಸೆ ಶುರುವಾಯಿತು. ಇಲ್ಲಿ ಇನ್ನೊಂದು ಕವಲು ಬಂತು. ಉಸಿರು ನಿಂತಾಗ ತಾನೇ ಗಾಳಿ ಕೊಡುವ, ಉಸಿರಿನ ಏರಿಳಿತಕ್ಕೆ ತಕ್ಕ ಹಾಗೆ ಒತ್ತಡ ಬದಲಿಸುವ ಯಂತ್ರ ಇದೆ. ಅದನ್ನು ಹಾಕಿದರೆ ಆ ರಾತ್ರಿಯಿಂದಲೇ ಉಸಿರಿನ ಗೆರೆ ನೆಟ್ಟಗಾಗುವ ಸಾಧ್ಯತೆ ಇತ್ತು. ನಮ್ಮ ಇಇಜಿ ಗೆರೆಯೂ ಚೆಂದ ಆಗುತ್ತಿತ್ತು. ಮನೆಯವರು ಅದನ್ನೇ ಕೇಳಿದರು. ಹೃದಯದ ವೈದ್ಯರು ಬೇಡ ಅಂದರು. 2015ರಲ್ಲಿ ಪ್ರಕಟವಾದ ಸರ್ವ್-ಎಚ್ಎಫ್ ಅನ್ನುವ ದೊಡ್ಡ ಅಧ್ಯಯನದಲ್ಲಿ 1,325 ಜನ ಇದ್ದರು. ಹೃದಯ ಹೊರದೂಡುವ ಪ್ರಮಾಣ ಶೇಕಡಾ 45 ಅಥವಾ ಅದಕ್ಕಿಂತ ಕಡಿಮೆ ಇದ್ದು, ಮುಖ್ಯವಾಗಿ ಈ ಬಗೆಯಲ್ಲೇ ಉಸಿರು ನಿಲ್ಲುತ್ತಿದ್ದವರು ಅವರು. ಆ ಯಂತ್ರ ಹಾಕಿಕೊಂಡ ಗುಂಪಿನಲ್ಲಿ ಉಸಿರು ಸರಿಹೋಯಿತು, ಆದರೆ ಹೃದಯದ ಕಾರಣದಿಂದ ಸತ್ತವರು ಜಾಸ್ತಿ. ಗೆರೆ ಸರಿ ಮಾಡೋದು ಬೇರೆ, ಮನುಷ್ಯನನ್ನು ಸರಿ ಮಾಡೋದು ಬೇರೆ ಅನ್ನೋದಕ್ಕೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಉದಾಹರಣೆ ಇದು. ನಮ್ಮ ರೋಗಿ ಸರಿಯಾಗಿ ಆ ಗುಂಪಿಗೇ ಸೇರುತ್ತಿದ್ದರು. ಯಂತ್ರ ಹಾಕಲಿಲ್ಲ. ಹೃದಯದ ಔಷಧಗಳನ್ನು ನಿಧಾನವಾಗಿ ಏರಿಸಿದರು, ಮೈಯ ನೀರು ಇಳಿಸಿದರು, ಮಗ್ಗುಲಾಗಿ ಮಲಗಲು ಹೇಳಿದರು.

ಆಮೇಲೆ ಆದದ್ದು

ಕೆಲವು ತಿಂಗಳ ನಂತರದ ಎಕೋದಲ್ಲಿ ಹೃದಯ ಸ್ವಲ್ಪ ಚೇತರಿಸಿಕೊಂಡಿತ್ತು. ಪೂರ್ತಿ ಅಲ್ಲ. ಹಗಲಿನ ತೂಕಡಿಕೆ ಬಹಳ ಕಡಿಮೆಯಾಗಿತ್ತು. ಸಿಡುಕು ಮಾತ್ರೆ ಬಿಟ್ಟ ಕೆಲವೇ ವಾರದಲ್ಲಿ ಹೋಗಿತ್ತು. ಮರೆವು ಮಾತ್ರ ಪೂರ್ತಿ ಹೋಗಲಿಲ್ಲ. ಲೆಕ್ಕ ಎರಡೆರಡು ಸಲ ನೋಡುತ್ತೇನೆ ಅಂದರು. ಹೆಂಡತಿಗೆ ನಿದ್ದೆ ಬರುತ್ತಿದೆ ಅನ್ನೋದನ್ನು ಅವರೇ ಮೊದಲು ಹೇಳಿದರು.

ಹಗಲಿನ ಇಇಜಿಯಲ್ಲಿ ಆಲ್ಫಾ ಬಲದ ಗೆರೆ ಈಗ ಒರಟೊರಟು. ತೂಕಡಿಸುವಾಗ ಮೊದಲ ಎರಡು ಮೂರು ಸುತ್ತು ಕಂಡರೂ ತಾನಾಗಿಯೇ ಕರಗಿಹೋಗುತ್ತಿತ್ತು. ಕಂಡ ಸುತ್ತೂ ಮೊದಲಿಗಿಂತ ಗಿಡ್ಡ, 50 ಸೆಕೆಂಡಿನ ಹತ್ತಿರ. ರಕ್ತ ಬೇಗ ತಲುಪುತ್ತಿದೆ ಅನ್ನೋದಕ್ಕೆ ಇದು ಹೊಂದುತ್ತದೆ.

ನಮ್ಮ ಕೊಠಡಿಯಲ್ಲಿ ಎರಡು ಬದಲಾವಣೆ ಆಯಿತು. ತೂಕಡಿಕೆಯ ದೂರು ಹೇಳಿ ಬರುವವರಿಗೆ ಉಸಿರಿನ ಬೆಲ್ಟ್ ಕಟ್ಟುತ್ತೇವೆ. ಪುಟ ಓದುವ ಮೊದಲು ಇಡೀ ರೆಕಾರ್ಡಿಂಗಿನ ಆಲ್ಫಾ ಮತ್ತು ಡೆಲ್ಟಾ ಬಲವನ್ನು ಒಂದೇ ಪಟ್ಟಿಯಲ್ಲಿ ಹಾಕಿ ಕೊಡುತ್ತೇವೆ. ಹೊಸ ವಿದ್ಯೆ ಏನಲ್ಲ ಇದು. ಗಂಟೆಗೆ 6 ಸೆಂಟಿಮೀಟರ್ ಲೆಕ್ಕದಲ್ಲಿ ಇಇಜಿಯ ಬಲವನ್ನು ಒತ್ತಾಗಿ ತೋರಿಸುವ ಯಂತ್ರ ನವಜಾತ ಶಿಶುಗಳ ಘಟಕಗಳಲ್ಲಿ ಬಹಳ ಕಾಲದಿಂದ ಇದೆ. ದೊಡ್ಡವರ ಮಾಮೂಲಿ ಇಇಜಿಗೂ ಅದೇ ಕಣ್ಣು ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಟೆಕ್ನಿಷಿಯನ್ ಟೈಪ್ ಮಾಡಿದ ಕಾಮೆಂಟ್‌ಗಳನ್ನು ರಿಪೋರ್ಟ್ ಬರೆಯುವವರು ಓದಲೇಬೇಕು ಅನ್ನೋದು ಅದಕ್ಕಿಂತ ಗಟ್ಟಿ ಅಭಿಪ್ರಾಯ.

ಆದರೆ ಈ ಪಟ್ಟಿಗೆ ಅದರದ್ದೇ ಅಪಾಯ ಇದೆ. ಅದು ಇದೇ ರೋಗಿಯ ಕೊನೆಯ ರಾತ್ರಿ ರೆಕಾರ್ಡಿಂಗಿನಲ್ಲಿ ಗೊತ್ತಾಯಿತು. ಹೊಸದಾಗಿ ಸೇರಿದ ಸಹೋದ್ಯೋಗಿ ಪಟ್ಟಿ ತೋರಿಸಿ, "ಸಾರ್, ಮತ್ತೆ ಶುರುವಾಗಿದೆ ಅನ್ಸತ್ತೆ, ನೋಡಿ" ಅಂದರು. ನಿಜವಾಗಿಯೂ ನಿದ್ದೆಯ ಎರಡನೇ ಹಂತದಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ ಬಲ ಏರಿ ಇಳಿಯುತ್ತಿತ್ತು. ಉಸಿರಿನ ಬೆಲ್ಟ್ ನೋಡಿದೆವು. ಉಸಿರು ಒಂದೇ ಸಮ ನಡೆಯುತ್ತಿತ್ತು. ಆಮ್ಲಜನಕ ಕದಲಿರಲಿಲ್ಲ. ಏರಿಳಿಯುತ್ತಿದ್ದದ್ದು ಯಾವ ಅಲೆ ಅಂತ ಬಿಡಿಸಿ ನೋಡಿದರೆ ಅದು ನಿದ್ದೆಯ ಸ್ಪಿಂಡಲ್ (ನಿದ್ದೆಯಲ್ಲಿ ಸ್ವಲ್ಪ ಹೊತ್ತು ಬಂದು ಹೋಗುವ ವೇಗದ ಅಲೆಗಳ ಗುಂಪು), ನಡುನೆತ್ತಿಯಲ್ಲಿ, ಸೆಕೆಂಡಿಗೆ 13ರ ಆಸುಪಾಸು. ಸ್ಪಿಂಡಲ್‌ಗಳ ಬಲ ಸುಮಾರು 50 ಸೆಕೆಂಡಿಗೊಮ್ಮೆ ಏರಿಳಿಯುವುದನ್ನು ಇಲಿಗಳಲ್ಲೂ ಮನುಷ್ಯರಲ್ಲೂ 2017ರಲ್ಲಿ ತೋರಿಸಿದ್ದಾರೆ. ಅದು ಆರೋಗ್ಯವಂತ ನಿದ್ದೆಯ ಲಯ. ಮೊದಲ ವಿಡಿಯೊ ಇಇಜಿ ರಾತ್ರಿ ಉಸಿರು ಮತ್ತೆ ಮತ್ತೆ ನಿದ್ದೆ ಕೆಡಿಸುತ್ತಿದ್ದಾಗ ಇದು ಕಾಣುವುದಕ್ಕೆ ಜಾಗವೇ ಇರಲಿಲ್ಲ.

ರಿಪೋರ್ಟಿನಲ್ಲಿ ಎರಡನ್ನೂ ಬೇರೆ ಬೇರೆ ಬರೆದೆವು: ಉಸಿರಿಗೆ ಕಟ್ಟಿಕೊಂಡ ಆಲ್ಫಾ ಏರಿಳಿತ ಈಗ ಇಲ್ಲ, ಸ್ಪಿಂಡಲ್ ಏರಿಳಿತ ಇದೆ, ಸಹಜ. ಬೆನ್ನ ಮೇಲೆ ಮಲಗಿದಾಗಿನ ಉಸಿರುಗಟ್ಟುವಿಕೆ ಇನ್ನೂ ಸ್ವಲ್ಪ ಉಳಿದಿದೆ, ಅದಕ್ಕೆ ನಿದ್ರಾ ವೈದ್ಯರನ್ನು ಕಾಣಲು ಸೂಚಿಸಲಾಗಿದೆ.